ಡಿಪೋ ಮನೆಯ ಎರಡನೇ ಹೆಸರು

ನಮ್ಮ ಊರಿನಲ್ಲಿ ಯಾರಾದರೂ ಸತ್ತರೆ ಮೂರನೆಯ ದಿನಕ್ಕೋ ನಾಲ್ಕನೆಯ ದಿನಕ್ಕೋ ಅವರು ಬಳಸುತ್ತಿದ್ದ ಲ್ಯಾಪ್‌ಟಾಪಿನಲ್ಲಿ ಮನೆಯ ವೈಫೈ ಹೆಸರು ಎರಡು ಸಲ ಕಾಣಿಸುತ್ತದೆ. ಅದೇ ಅಕ್ಷರ, ಅದೇ ಬೀಗದ ಗುರುತು, ಒಂದರ ಕೆಳಗೆ ಇನ್ನೊಂದು. ಎರಡನೆಯದನ್ನು ಒತ್ತಿದರೆ ಸುಮ್ಮನೆ ಸುತ್ತುತ್ತಿರುತ್ತದೆ, ಎಲ್ಲಿಗೂ ಸೇರುವುದಿಲ್ಲ. ಕಂಡ ದಿನದಿಂದ ಹದಿಮೂರು ದಿನದೊಳಗೆ ಅದನ್ನು ತೆಗೆಸಬೇಕು. ಇಲ್ಲದಿದ್ದರೆ ಮೊದಲನೆಯದೂ ಹಿಡಿಯುವುದಿಲ್ಲ, ಆಮೇಲೆ ಅಕ್ಕಪಕ್ಕದ ಮನೆಗಳದೂ ಸೊರಗುತ್ತಾ ಹೋಗುತ್ತದೆ. ಮನೆಯವರು ತಾವಾಗಿ ತೆಗೆಯುವ ಹಾಗಿಲ್ಲ, ಹೊರಗಿನವರೇ ತೆಗೆಯಬೇಕು. ಆ ಹೊರಗಿನವಳು ನಾನು. ಲ್ಯಾಪ್‌ಟಾಪ್ ಮುಟ್ಟದೆಯೇ ಸತ್ತವರ ವಿಷಯ ನನಗೆ ಗೊತ್ತಿಲ್ಲ, ಅದು ಪುರೋಹಿತರ ಇಲಾಖೆ.

ಕೆಲಸ ದೊಡ್ಡದೇನಲ್ಲ. ಚಾಪೆ ಹಾಕಿಸಿಕೊಂಡು ಕೂರುತ್ತೇನೆ. ಮನೆಯ ವೈಫೈ ಬಾಕ್ಸ್ ಆರಿಸಲು ಹೇಳುತ್ತೇನೆ. ಬಾಕ್ಸ್ ಆರಿದ ಕೂಡಲೇ ಬದುಕಿರುವವರ ಹೆಸರು ಪಟ್ಟಿಯಿಂದ ಮಾಯವಾಗುತ್ತದೆ, ಎರಡನೆಯದು ಹಾಗೇ ಉಳಿಯುತ್ತದೆ. ಉಳಿದದ್ದನ್ನು ಎಲ್ಲರಿಗೂ ಕೇಳುವ ಹಾಗೆ ಒಂದು ಸಲ ಓದುತ್ತೇನೆ. ಮನೆಯವರಲ್ಲಿ ಒಬ್ಬರು 'ಆಗಲಿ' ಅನ್ನಬೇಕು. ಅಂದ ಮೇಲೆ ಫರ್ಗೆಟ್ ಎಂದು ಬರೆದಿರುವ ಕಡೆ ಒತ್ತುತ್ತೇನೆ. ಆ ಪದಕ್ಕೆ ಅರ್ಥವೇನು ಎಂದು ಮುದುಕಿಯರು ಕೇಳಿದರೆ 'ಅಳಿಸು ಅಂತ' ಎಂದುಬಿಡುತ್ತೇನೆ. ನಿಜವಾದ ಅರ್ಥ ಹೇಳಿ ಒದೆ ತಿನ್ನುವಷ್ಟು ದಡ್ಡಿಯಲ್ಲ.

ಹೀಗಾಗಿ ನಮ್ಮೂರಲ್ಲಿ ಜನ ವೈಫೈಗೆ ಹೆಸರಿಡುವಾಗ ಕೂಸಿಗೆ ಇಡುವುದಕ್ಕಿಂತ ಹೆಚ್ಚು ಯೋಚಿಸುತ್ತಾರೆ. ಒಂದಲ್ಲ ಒಂದು ದಿನ ಅದನ್ನು ನೆಂಟರೆದುರು ಗಟ್ಟಿಯಾಗಿ ಓದುತ್ತಾರೆಂಬುದು ಗೊತ್ತಿರುತ್ತದಲ್ಲ. ಮೇಲಿನ ಬೀದಿಯ ಒಬ್ಬ ಪುಣ್ಯಾತ್ಮ ತಮಾಷೆಗೆ 'ನಮ್ಮ ನೆಟ್ ಕದಿಯಬೇಡಿ' ಎಂದು ಇಟ್ಟಿದ್ದ. ಅವನ ಅಕ್ಕ ತೀರಿಕೊಂಡಾಗ ನಲವತ್ತು ಜನ ಅಳುತ್ತಾ ನಿಂತಿದ್ದ ಪಡಸಾಲೆಯಲ್ಲಿ ನಾನು ಅದನ್ನೇ ಓದಬೇಕಾಯಿತು. ಅವನು ಇವತ್ತಿಗೂ ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಾನೆ.

ಎರಡು ಕಂಡ ಮಾತ್ರಕ್ಕೆ ಸಾವೇ ಆಗಬೇಕೆಂದಿಲ್ಲ. ಪಕ್ಕದ ಮನೆಯವರು ನೋಡಿ ಅದೇ ಹೆಸರು ಇಟ್ಟುಕೊಂಡಿರಬಹುದು. ಹೊಸ ಬಾಕ್ಸುಗಳಲ್ಲಿ ಎರಡು ಬ್ಯಾಂಡ್, ಅಂದರೆ ಸಿಗ್ನಲ್ ಬಿಡುವ ಎರಡು ದಾರಿ ಇರುತ್ತವೆ, ಎರಡಕ್ಕೂ ಒಂದೇ ಹೆಸರಿದ್ದರೆ ಕೆಲವು ಲ್ಯಾಪ್‌ಟಾಪುಗಳು ಗೊಂದಲ ಮಾಡಿಕೊಂಡು ಎರಡು ತೋರಿಸುತ್ತವೆ. ಅದಕ್ಕೇ ಹೆದರಿ ನಮ್ಮೂರಿನ ಅಂಗಡಿಯವರು ಒಂದೇ ಬ್ಯಾಂಡಿನ ಹಳೇ ಬಾಕ್ಸನ್ನು ಮಾತ್ರ ತರಿಸುತ್ತಾರೆ. ಅನುಮಾನವಿದ್ದರೆ ಪಕ್ಕದ ಮನೆಯವರನ್ನು ವಿಚಾರಿಸಿಕೊಂಡು, ಬಾಕ್ಸ್ ಆರಿಸಿ ನೋಡಿದರಾಯಿತು. ಎರಡೂ ಹೋದರೆ ಬರೀ ತೊಂದರೆ, ಒಂದು ಉಳಿದರೆ ಸಾವು. ಇದಿಷ್ಟನ್ನೂ ನನಗೆ ಕಲಿಸಿದವರು ಭುಜಂಗರಾಯರು. ಹತ್ತು ವರ್ಷ ಅವರ ಹಿಂದೆ ಚೀಲ ಹಿಡಿದು ತಿರುಗಿದ್ದೇನೆ. ಎರಡು ವರ್ಷದ ಹಿಂದೆ ಅವರು ಹೋದಾಗ ಅವರ ಮನೆಯ ಎರಡನೇ ಹೆಸರನ್ನು ತೆಗೆದವಳೂ ನಾನೇ.

ನನ್ನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ನನ್ನ ಗಂಡ ಗೋಪಿನಾಥ ಆರು ವರ್ಷದ ಹಿಂದೆ ಒಂದು ಭಾನುವಾರ 'ಕಟಿಂಗ್ ಮಾಡಿಸ್ಕೊಂಡು ಬರ್ತೀನಿ' ಎಂದು ಹೋದವರು ಬರಲಿಲ್ಲ. ಕಟಿಂಗ್ ಅಂಗಡಿಗೂ ಹೋಗಿರಲಿಲ್ಲ. ಜಗಳವಾಗಿರಲಿಲ್ಲ, ಹೆಂಡ ಮುಟ್ಟುವವರಲ್ಲ. ಅವರ ಲ್ಯಾಪ್‌ಟಾಪ್ ಮನೆಯಲ್ಲೇ ಇದೆ. ದಿನಾ ಬೆಳಿಗ್ಗೆ ಹಾಲು ಒಲೆಯ ಮೇಲಿಟ್ಟು ಅದನ್ನು ತೆಗೆದು ನೋಡುತ್ತಿದ್ದೆ. 'ಹಿತ್ತಲಮನೆ' ಎಂಬ ನಮ್ಮ ಹೆಸರು ಒಂದೇ ಇರುತ್ತಿತ್ತು. ಸರಿ, ಎಲ್ಲೋ ಬದುಕಿದ್ದಾರೆ, ಎಲ್ಲೋ ಯಾವಳ ಜೊತೆಗೋ ಉಪ್ಪಿಟ್ಟು ತಿನ್ನುತ್ತಿದ್ದಾರೆ, ತಿನ್ನಲಿ ಎಂದು ಬೈದುಕೊಂಡು ಹಾಲು ಇಳಿಸುತ್ತಿದ್ದೆ. ಆ ಬೈಗುಳದ ಬಲದ ಮೇಲೆ ಒಂದು ದಿನ ಕಳೆಯುತ್ತಿತ್ತು.

ಕಳೆದ ತಿಂಗಳು ಒಂದು ಬೆಳಿಗ್ಗೆ ಮರುದೇವಮ್ಮ ಎಂಬುವವರು ಫೋನ್ ಮಾಡಿದರು. ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಆಗಿದ್ದು ನಿವೃತ್ತರಾದ ಧರಣಪ್ಪನವರ ಹೆಂಡತಿ.

"ನಮ್ಮನೇಲಿ ಎರಡು ಕಾಣ್ತಾ ಇದೆ ಕಣಮ್ಮ. ಯಾರೂ ಸತ್ತಿಲ್ಲ. ಬರ್ತೀರಾ?" ಅಂದರು.

ಯಾರ ಲ್ಯಾಪ್‌ಟಾಪಿನಲ್ಲಿ ಎಂದು ಕೇಳಿದೆ. "ಮಗಳದ್ದು. ಚಂದನಂದು," ಅಂದರು.

ಚಂದನಾಳ ಕಥೆ ಊರಿಗೆಲ್ಲ ಗೊತ್ತಿತ್ತು. ಅಪ್ಪನ ಹಿಂದೆ ಬಸ್‌ಸ್ಟ್ಯಾಂಡಿನಲ್ಲೇ ಬೆಳೆದ ಹುಡುಗಿ. ದೊಡ್ಡ ಗಾಡಿಯ ಲೈಸೆನ್ಸ್ ಮಾಡಿಸಿಕೊಂಡು ಬಸ್ ಓಡಿಸುತ್ತೇನೆ ಎಂದಳು. ಧರಣಪ್ಪ ಒಂದು ಮಾತು ಶಿಫಾರಸು ಮಾಡಿದ್ದರೆ ಆಗುತ್ತಿತ್ತು. ಅವರು ಡ್ರೈವರುಗಳೆಲ್ಲ ನಿಂತಿದ್ದಾಗ, "ನಿನ್ನ ಕೈಗೆ ಒಂದು ಗಾಡಿ ಜನರ ಜೀವ ಕೊಡೋಕೆ ನಂಗೆ ತಲೆ ಕೆಟ್ಟಿಲ್ಲ," ಎಂದುಬಿಟ್ಟರು. ಅವಳು ಅದೇ ವಾರ ಊರು ಬಿಟ್ಟಳು. ಎಲ್ಲೋ ಘಟ್ಟದ ಕಡೆ ಸಿಮೆಂಟ್ ಲಾರಿ ಓಡಿಸುತ್ತಾಳೆ ಎಂದು ಯಾರೋ ಹೇಳಿದ್ದು ಬಿಟ್ಟರೆ ಎರಡು ವರ್ಷದಿಂದ ಕಾಗದವಿಲ್ಲ, ಫೋನಿಲ್ಲ.

ನಾನು ಹೋದಾಗ ಹನ್ನೊಂದು ಗಂಟೆ. ಮರುದೇವಮ್ಮ ನಡುಮನೆಯ ಬಾಗಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ಕೂರಲು ಹೇಳಿ, ಕಾಫಿ ಮಾಡಲೇ ಎಂದು ಕೇಳಿದರು. ನಾನು ಕಾಫಿ ಕುಡಿಯುವುದಿಲ್ಲ, ಪಿತ್ತ, ನೀರು ಸಾಕು ಎಂದೆ. ಧರಣಪ್ಪನವರು ಪಡಸಾಲೆಯ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಬಾಕ್ಸಿನ ಕೆಳಗೇ ಕೂತಿದ್ದರು. ಬಾಕ್ಸಿಗೆ ಒಂದು ಯುಪಿಎಸ್, ಅದು ಸಾಲದೆಂದು ಹೊಸದೊಂದು ಇನ್ವರ್ಟರ್. ಸ್ವಿಚ್ಚಿನ ಮೇಲೆ ರಟ್ಟಿನ ಬೋರ್ಡು ನೇತುಹಾಕಿ, ಬಸ್ ಹೊರಡುವ ವೇಳೆ ಬರೆಯುತ್ತಿದ್ದ ಅದೇ ದುಂಡು ಅಕ್ಷರದಲ್ಲಿ 'ಮುಟ್ಟಬಾರದು' ಎಂದು ಬರೆದಿದ್ದರು. ನನಗೆ ಮೊದಲು ನಗು ಬಂತು. ಆಮೇಲೆ ಅರ್ಥವಾಯಿತು. ಎರಡು ಕಾಣಿಸಿಕೊಂಡು ಹನ್ನೊಂದು ದಿನವಾಗಿತ್ತು. ಹನ್ನೊಂದು ದಿನದಿಂದ ಆ ಮನುಷ್ಯ ಕರೆಂಟ್ ಹೋದರೂ ಬಾಕ್ಸ್ ಆರಲು ಬಿಟ್ಟಿರಲಿಲ್ಲ. ಬಾಕ್ಸ್ ಆರದಿದ್ದರೆ ಯಾವುದು ಉಳಿಯುತ್ತದೆ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ.

"ಅಂಬುಜಾಕ್ಷಮ್ಮ, ಇದು ಗಾಡಿ ಕೆಟ್ಟ ಹಾಗೆ, ಬಾಕ್ಸ್ ಕೆಟ್ಟಿರೋದು ಅಷ್ಟೇ. ಇವಳು ಸುಮ್ನೆ ಗಾಬರಿ ಆಗ್ತಾಳೆ. ನೀವು ಆರಿಸದೆ ಏನೇನು ಮಾಡಬಹುದೋ ಅದನ್ನೆಲ್ಲ ಮೊದಲು ಮಾಡಿ," ಅಂದರು ಧರಣಪ್ಪ ನನಗೆ.

"ಆರಿಸಿದ್ರೆ ಒಂದು ನಿಮಿಷದಲ್ಲಿ ತಿಳಿಯುತ್ತೆ ಸಾರ್."

"ತಿಳಿಯೋದು ಬೇಡ. ಸರಿ ಆಗೋದು ಬೇಕು."

ಮರುದೇವಮ್ಮ ಮೊರದಿಂದ ತಲೆಯೆತ್ತಲಿಲ್ಲ. "ಇನ್ನು ಎರಡು ದಿನ ಇದೆ. ಬೀದಿಯೋರು ಕೇಳ್ತಾ ಇದಾರೆ. ಏನಾಗಿದೆ ಅಂತ ಗೊತ್ತಾದ್ರೆ ನಾನಾದ್ರೂ ಅತ್ತು ಮುಗಿಸ್ತೀನಿ," ಅಂದರು. ಗಂಡ ಆ ಮಾತು ಕೇಳದವರಂತೆ ಬೋರ್ಡನ್ನು ನೆಟ್ಟಗೆ ಮಾಡಿದರು.

ಲ್ಯಾಪ್‌ಟಾಪ್ ತೆಗೆದೆ. ಚಂದನಾ ಮನೆಯಲ್ಲೇ ಬಿಟ್ಟುಹೋದದ್ದು, ಮುಚ್ಚಳದ ಮೇಲೆ ಬಸ್ಸಿನ ಸ್ಟಿಕ್ಕರ್ ಅಂಟಿಸಿದ್ದಳು. ಪಟ್ಟಿಯಲ್ಲಿ 'ಧರಣಪ್ಪ ಡಿಪೋ', ಅದರ ಕೆಳಗೆ ಮತ್ತೆ 'ಧರಣಪ್ಪ ಡಿಪೋ'. ಆ ಹೆಸರಿಟ್ಟದ್ದು ಅವಳೇ, ಅಪ್ಪ ಮಗಳು ಚೆನ್ನಾಗಿದ್ದ ಕಾಲದಲ್ಲಿ. ನೋಡಿದ ಕೂಡಲೇ ನನ್ನ ಅನುಭವ ಏನು ಹೇಳಿತೋ ಅದನ್ನು ಬದಿಗಿಟ್ಟು ಒಂದೊಂದಾಗಿ ಶುರು ಮಾಡಿದೆ. ಲ್ಯಾಪ್‌ಟಾಪಿನ ನೆನಪಿನಲ್ಲಿದ್ದ ಹಳೆಯ ಹೆಸರುಗಳನ್ನು, ಆ ಎರಡನೆಯದೊಂದನ್ನು ಬಿಟ್ಟು, ಅಳಿಸಿ ಹೊಸದಾಗಿ ಸೇರಿಸಿದೆ. ಆಮೇಲೂ ಎರಡು ಇತ್ತು. ಎಡಗಡೆ ಮನೆಗೂ ಬಲಗಡೆ ಮನೆಗೂ ಹೋಗಿ ಅವರ ಬಾಕ್ಸಿನ ಹೆಸರು ಕೇಳಿ ಬಂದೆ. ಒಬ್ಬರದು 'ಶ್ರೀನಿಧಿ', ಇನ್ನೊಬ್ಬರದು ಬರೀ ಅಂಕಿ. ಹಿಂದಿನ ಬೀದಿಯ ಮನೆಯವರನ್ನೂ ಗೋಡೆ ಮೇಲಿಂದಲೇ ವಿಚಾರಿಸಿದೆ. ಧರಣಪ್ಪ ನನ್ನ ಹಿಂದೆಯೇ ಬಂದು ಪ್ರತಿ ಮನೆಯ ಮುಂದೆಯೂ, "ಇವರದ್ದೇ ಇರಬೇಕು ನೋಡಿ," ಎನ್ನುತ್ತಿದ್ದರು. ಒಂದೊಂದು ಮನೆ ಅಲ್ಲವೆಂದಾದಂತೆ ಅವರ ಮುಖ ಬಾಡುತ್ತಾ ಹೋಗುತ್ತಿದ್ದುದನ್ನು ನೋಡಲಾರದೆ ನಾನು ಮುಂದೆ ಮುಂದೆ ನಡೆದೆ.

ವಾಪಸ್ ಬಂದು ಬಾಕ್ಸನ್ನು ತಿರುಗಿಸಿ ನೋಡಿದಾಗ ನನಗೇ ಆಸೆ ಹುಟ್ಟಿತು. ಅದು ಎರಡು ಬ್ಯಾಂಡಿನ ಬಾಕ್ಸ್. "ಇದು ನಮ್ಮೂರದ್ದಲ್ಲ," ಎಂದೆ.

"ಚಂದನಾನೇ ಹೊರಗಿಂದ ತರಿಸಿದ್ದು. ಸ್ಪೀಡು ಅಂತ," ಅಂದರು ಅವರು. "ಯಾಕೆ, ಅದರದ್ದೇ ತೊಂದರೆನಾ?"

"ಇರಬಹುದು ಸಾರ್."

ಆ ಮನುಷ್ಯನ ಕಣ್ಣು ತುಂಬಿತು. ನಾನು ಇರಬಹುದು ಎಂದದ್ದು ಸುಳ್ಳಲ್ಲ. ಎರಡನೇ ಬ್ಯಾಂಡಿನ ಹೆಸರಿನ ಕೊನೆಗೆ ಗುರುತಿಗೆಂದು 'ಐದು' ಸೇರಿಸಿದರೆ ಬಾಕ್ಸ್ ಆರಿಸದೆಯೇ ತಿಳಿಯುತ್ತದೆ. ಬರೀ ತೊಂದರೆಯಾಗಿದ್ದರೆ ಪಟ್ಟಿಯಲ್ಲಿ ಒಂದು 'ಧರಣಪ್ಪ ಡಿಪೋ', ಒಂದು 'ಧರಣಪ್ಪ ಡಿಪೋ ಐದು', ಒಟ್ಟು ಎರಡೇ ಸಾಲು ಬರಬೇಕು. ಮೂರು ಬಂದರೆ, ಮೂರನೆಯದು ಬಾಕ್ಸಿನದಲ್ಲ. ಬಾಕ್ಸಿನ ಸೆಟ್ಟಿಂಗ್ಸ್ ಪುಟ ತೆಗೆದು 'ಐದು' ಬರೆದೆ. ಸೇವ್ ಗುಂಡಿ ಒತ್ತಲು ಹೋಗಿ ತಡೆದೆ. ಅವರು ನನ್ನ ಹೆಗಲ ಮೇಲೇ ಬಾಗಿ ಉಸಿರಾಡುತ್ತಿದ್ದರು.

"ಸಾರ್, ನೀವು ಕಂಟ್ರೋಲರ್ ರೂಮಲ್ಲಿ ಡ್ರೈವರುಗಳಿಗೆಲ್ಲ ಕಾಫಿ ಮಾಡ್ಕೊಡ್ತಿದ್ರಂತಲ್ಲ. ಒಂದು ಲೋಟ ಮಾಡ್ಕೊಡಿ ನೋಡೋಣ," ಎಂದೆ.

ಅವರಿಗೆ ಖುಷಿಯಾಯಿತು. "ಡಿಕಾಕ್ಷನ್ ಹೊಸದಾಗಿ ಹಾಕ್ತೀನಿ, ಐದು ನಿಮಿಷ," ಎನ್ನುತ್ತಾ ಹನ್ನೊಂದು ದಿನದಲ್ಲಿ ಮೊದಲ ಸಲವೋ ಏನೋ ಸ್ಟೂಲಿನ ಹತ್ತಿರದಿಂದ ಆಚೆ ಹೋದರು. ಅಡುಗೆಮನೆಯಲ್ಲಿ ಪಾತ್ರೆ ಸದ್ದಾಯಿತು. ನಾನು ಒತ್ತಿದೆ. ಪಟ್ಟಿ ಒಂದು ಸಲ ಖಾಲಿಯಾಗಿ ಮತ್ತೆ ತುಂಬಿತು.

ಮೂರು ಸಾಲು.

ಆ ಹುಡುಗಿಯನ್ನು ನಾನು ಒಂದೆರಡು ಸಲ ನೋಡಿದ್ದೆ ಅಷ್ಟೆ, ನಿಂತ ಬಸ್ಸಿನ ಸ್ಟೀರಿಂಗ್ ಹಿಡಿದು ಕೂತು ನಗುತ್ತಿದ್ದಳು. ಒಳಗೆ ಅವಳಪ್ಪ ಸಕ್ಕರೆ ಡಬ್ಬಿ ಹುಡುಕುತ್ತಾ ಏನೋ ಗುನುಗುತ್ತಿದ್ದರು. ಲಾರಿಯಲ್ಲಿ ಏನಾಯಿತೋ, ಯಾವ ತಿರುವಿನಲ್ಲೋ. ಇದು ಗೊತ್ತಾದರೆ ಆ ಮನುಷ್ಯ ಡ್ರೈವರುಗಳೆದುರು ತಾನಾಡಿದ ಮಾತನ್ನು ಸಾಯುವ ತನಕ ನೆನೆಯುತ್ತಾರೆ, ಆ ಸಾವೂ ಬಹಳ ದೂರವಿರುವುದಿಲ್ಲ ಎಂದು ನನಗನ್ನಿಸಿತು. ಮೂರನೆಯ ಸಾಲನ್ನು ಮನಸ್ಸಿನಲ್ಲೇ ಓದಿ ಫರ್ಗೆಟ್ ಒತ್ತಿದೆ. ಗಟ್ಟಿಯಾಗಿ ಓದದೆ, ಯಾರಿಂದಲೂ ಆಗಲಿ ಅನ್ನಿಸದೆ ನಾನು ತೆಗೆದದ್ದು ಅದೊಂದೇ. ತಲೆಯೆತ್ತಿದರೆ ಮರುದೇವಮ್ಮ ಬಿಡಿಸುತ್ತಿದ್ದ ಅವರೆಕಾಯಿಯನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡುತ್ತಿದ್ದರು.

ಧರಣಪ್ಪ ಲೋಟ ಹಿಡಿದು ಬಂದರು. "ಬ್ಯಾಂಡಿನ ತೊಂದರೆ ಸಾರ್. ಸರಿ ಮಾಡಿದೆ," ಎಂದೆ. ಅವರು ಪಟ್ಟಿಯನ್ನು ಎರಡು ಸಲ ಓದಿದರು. ಆಮೇಲೆ ನಾನು ಬೇಡವೆನ್ನುವುದರೊಳಗೆ ತಾವೇ ಹೋಗಿ ಬೋರ್ಡು ಕಿತ್ತು, ಸ್ವಿಚ್ ಆರಿಸಿದರು. ಪಟ್ಟಿಯಲ್ಲಿ ಅವರ ಮನೆಯ ಹೆಸರು ಒಂದೂ ಉಳಿಯಲಿಲ್ಲ.

"ನೋಡ್ದೇನೇ?" ಎಂದು ಹೆಂಡತಿಗೆ ಹೇಳಿದರು. "ಬದುಕಿದಾಳೆ. ಕೋಪ ಅಷ್ಟೇ ಅವಳಿಗೆ. ಬರ್ತಾಳೆ ಬಿಡು." ಸ್ಟೂಲಿನ ಮೇಲೆ ಕೂತು ಪಂಚೆಯ ತುದಿಯಿಂದ ಮುಖ ಮುಚ್ಚಿಕೊಂಡರು. ನಾನು ಆ ಕಾಫಿಯನ್ನು ಒಂದು ತೊಟ್ಟೂ ಬಿಡದೆ ಕುಡಿದೆ.

ಮರುದೇವಮ್ಮ ಗೇಟಿನವರೆಗೂ ಬಂದರು. ಚಿಲಕ ಹಾಕುತ್ತಾ, ನನ್ನ ಮುಖ ನೋಡದೆ, "ನೀವು ಕಾಫಿ ಕುಡಿಯಲ್ಲ ಅಂದಿದ್ರಿ," ಅಂದರು.

ನಾನು ರಸ್ತೆಗೆ ಇಳಿದೆ. ಒಳಗಿನಿಂದ ಧರಣಪ್ಪ ಯಾರಿಗೋ ಫೋನಿನಲ್ಲಿ ದೊಡ್ಡ ದನಿಯಲ್ಲಿ ಸುದ್ದಿ ಹೇಳುತ್ತಿದ್ದುದು ಕೇಳಿಸುತ್ತಿತ್ತು.

ಮೀನಿನ ಮಾರ್ಕೆಟ್ಟು ದಾಟಿ, ಅಂಚೆ ಕಚೇರಿಯ ಹತ್ತಿರ ಬರುವವರೆಗೂ ಆ ಅಮ್ಮನ ಮಾತು ಕಿವಿಯಲ್ಲಿತ್ತು. ಅಲ್ಲಿ ನಾನು ನಿಂತುಬಿಟ್ಟೆ. ಗೋಪಿನಾಥ ಹೋಗಿ ಎಂಟು ತಿಂಗಳಾಗಿದ್ದಾಗ ಒಂದು ದಿನ ಮನೆಯಲ್ಲಿ ನೆಟ್ ಸರಿಯಾಗಿ ಹಿಡಿಯುತ್ತಿಲ್ಲ ಎಂದು ಭುಜಂಗರಾಯರಿಗೆ ಹೇಳಿದ್ದೆ. ಆಗ ನನಗೆ ದಿನಾ ಪಟ್ಟಿ ನೋಡುವ ಅಭ್ಯಾಸವಿರಲಿಲ್ಲ. "ನಾನೇ ಬಂದು ನೋಡ್ತೀನಿ ಇರಮ್ಮ," ಎಂದು ಸಂಜೆ ಬಂದರು. ಗೋಪಿನಾಥರ ಲ್ಯಾಪ್‌ಟಾಪ್ ತೆಗೆದು ಪಟ್ಟಿ ನೋಡಿದವರು, "ಅಂಬುಜಾ, ಒಂದು ಲೋಟ ಕಾಫಿ ಮಾಡ್ಕೊಂಡು ಬಾ," ಎಂದರು. ಹೊಟ್ಟೆಹುಣ್ಣಿನ ಮನುಷ್ಯ. ಹತ್ತು ವರ್ಷದಲ್ಲಿ ಯಾವ ಮನೆಯಲ್ಲೂ ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟಿದ್ದಿಲ್ಲ. ನಮ್ಮ ಮನೆಯಲ್ಲಿ ಬಾಯಿಬಿಟ್ಟು ಕೇಳಿದರಲ್ಲ ಎಂದು ನನಗೆ ಹೆಮ್ಮೆಯಾಗಿತ್ತು. ನಾನು ಕಾಫಿ ತರುವಷ್ಟರಲ್ಲಿ ಲ್ಯಾಪ್‌ಟಾಪ್ ಮುಚ್ಚಿತ್ತು. "ಬ್ಯಾಂಡಿನ ತೊಂದರೆ. ಸರಿ ಮಾಡಿದೆ," ಅಂದರು. ಲೋಟ ಹಾಗೇ ಇಟ್ಟು ಹೋದರು. ಆಮೇಲೆ ಅದನ್ನು ನಾನೇ ಮೋರಿಗೆ ಚೆಲ್ಲಿದ್ದೆ.

ನಮ್ಮದು ಒಂದೇ ಬ್ಯಾಂಡಿನ ಹಳೇ ಬಾಕ್ಸ್. ಅದನ್ನು ನಾನು ಐದು ವರ್ಷ ಯೋಚಿಸಲೇ ಇಲ್ಲ.

ಅಂಚೆ ಕಚೇರಿಯ ಕಟ್ಟೆಯ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ರಾಯರ ಮೇಲೆ ಬಂದ ಸಿಟ್ಟಿಗೆ ಮಿತಿಯಿರಲಿಲ್ಲ. ಎದ್ದು ಹೋಗಿ ಅವರ ಕುತ್ತಿಗೆಪಟ್ಟಿ ಹಿಡಿದು ಕೇಳೋಣವೆಂದರೆ ಅವರೂ ಇಲ್ಲ. ನಾನು ಕಂಡದ್ದೆಲ್ಲ ಇಷ್ಟೇ, ಒಂದು ಲೋಟ ಕಾಫಿ ಮತ್ತು ಒಂದು ಮಾತು. ಅದರಿಂದ ಸತ್ತರೆಂದೂ ಹೇಳಲಾಗುವುದಿಲ್ಲ, ಬದುಕಿದ್ದಾರೆಂದು ದಿನಾ ಬೆಳಿಗ್ಗೆ ಬೈಯಲೂ ಇನ್ನು ಆಗುವುದಿಲ್ಲ. ಬೈದು ಬೈದು ಉಳಿಸಿಕೊಂಡಿದ್ದ ಗಂಡ ಅವತ್ತು ಆ ಕಟ್ಟೆಯ ಮೇಲೆ ಹೋದ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಂಡಿದ್ದು, ನನಗೆ ಮಾಡಿದ್ದನ್ನೇ ಇನ್ನೊಬ್ಬರಿಗೆ ನಾನು ಅರ್ಧ ಗಂಟೆಯ ಹಿಂದೆ ಮಾಡಿ ಬಂದದ್ದು.

ಮಾರನೆಯ ದಿನದಿಂದ ಧರಣಪ್ಪ ನನಗೆ ಫೋನ್ ಮಾಡುವುದಕ್ಕೆ ಶುರು ಮಾಡಿದರು. ಬೆಳಿಗ್ಗೆ ಏಳಕ್ಕೆ ಸರಿಯಾಗಿ. "ಒಂದು ಮಾಮೂಲಿ, ಒಂದು ಐದು. ಮೂರನೇದಿಲ್ಲ," ಎಂದು ಬಸ್ಸುಗಳ ವರದಿ ಕೊಡುವ ಧಾಟಿಯಲ್ಲಿ ಹೇಳುತ್ತಾರೆ. ಹಾಗಾದರೆ ಸರಿ ಸಾರ್, ಎನ್ನುತ್ತೇನೆ. ಮಗಳ ಕೋಣೆಗೆ ಸುಣ್ಣ ಹೊಡೆಸಿದರಂತೆ. ಹಳೆಯ ಡಿಪೋ ಮ್ಯಾನೇಜರಿಗೆ ಶಿಫಾರಸಿನ ಪತ್ರ ಬರೆದು, ಅವಳು ಬಂದ ದಿನ ಕೊಡಲೆಂದು ಪೆಟ್ಟಿಗೆಯಲ್ಲಿಟ್ಟಿದ್ದಾರಂತೆ. ಅದನ್ನು ಫೋನಿನಲ್ಲಿ ಓದಿ ಹೇಳಿದರು. ಚೆನ್ನಾಗಿ ಬರೆದಿದ್ದರು.

ಎಂಟನೆಯ ದಿನ, ಗುರುವಾರ ಮಧ್ಯಾಹ್ನ, ಮರುದೇವಮ್ಮ ನಮ್ಮ ಮನೆಗೆ ಬಂದರು. ಕೈಯಲ್ಲಿ ತರಕಾರಿ ಚೀಲ. ಸಂತೆಗೆ ಹೋಗುತ್ತೇನೆಂದು ಹೇಳಿ ಬಂದಿದ್ದರು.

"ನಮ್ಮನೇಲಿ ಅವರೆದುರು ಅಳಕ್ಕಾಗಲ್ಲ. ನಿಮ್ಮನೇಲಿ ಒಂದು ಗಂಟೆ ಕೂತ್ಕೊಂಡು ಹೋಗಲಾ?"

ಚಾಪೆ ಹಾಸಿದೆ. ಅವರು ಗೋಡೆಗೆ ಒರಗಿ ಕೂತು, "ಹೆಸರು ಓದಿದ್ರಾ?" ಎಂದು ಕೇಳಿದರು.

"ಮನಸ್ಸಲ್ಲಿ ಓದಿದೆ. ತಪ್ಪು ಮಾಡಿದೆ ಮರುದೇವಮ್ಮ. ನಿಮಗಾದ್ರೂ ಹೇಳಬೇಕಿತ್ತು."

"ಈಗ ಓದಿ."

"ಧರಣಪ್ಪ ಡಿಪೋ," ಎಂದು ಗಟ್ಟಿಯಾಗಿ ಓದಿದೆ. ಎದುರಿಗೆ ಲ್ಯಾಪ್‌ಟಾಪ್ ಇರಲಿಲ್ಲ, ಬರೀ ಗೋಡೆ.

"ಆಗಲಿ," ಅಂದರು ಅವರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಪಕ್ಕದ ಮನೆಗೂ ಕೇಳಿಸದ ಹಾಗೆ, ಒಂದು ಗಂಟೆ ಅತ್ತರು. ಮುಖ ತೊಳೆದುಕೊಂಡು ಹೊರಡುವಾಗ ಚೀಲದಲ್ಲಿ ತರಕಾರಿ ಇಲ್ಲದ್ದು ನೆನಪಾಗಿ, ನನ್ನ ಬುಟ್ಟಿಯಿಂದ ನಾಲ್ಕು ಬದನೆಕಾಯಿ ಹಾಕಿಸಿಕೊಂಡು ಹೋದರು.

ಈಗ ಪ್ರತಿ ಗುರುವಾರ ಬರುತ್ತಾರೆ. ನಾನು ಮೊದಲೇ ತರಕಾರಿ ತಂದಿಟ್ಟಿರುತ್ತೇನೆ. ಹೋದ ಗುರುವಾರ ಅವರು ಅಳುತ್ತಿದ್ದಾಗ ನಾನು ಗೋಪಿನಾಥರ ಲ್ಯಾಪ್‌ಟಾಪ್ ತಂದು ಅವರ ಮುಂದಿಟ್ಟು, ಆ ಕಾಫಿಯ ವಿಷಯವೆಲ್ಲ ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಪಟ್ಟಿ ನೋಡಿದರು. ಒಂದೇ ಇತ್ತು. ಹೊರಗಿನವರೇ ಓದಬೇಕಲ್ಲವೇ, ಅವರು ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿಕೊಂಡು, "ಹಿತ್ತಲಮನೆ," ಎಂದು ಗಟ್ಟಿಯಾಗಿ ಓದಿದರು. ಓದಿ ನನ್ನ ಮುಖ ನೋಡುತ್ತಾ ಕಾದರು.

ಹನ್ನೆರಡು ವರ್ಷದಿಂದ ಈ ಊರಿನ ಮನೆ ಮನೆಯಲ್ಲೂ 'ಆಗಲಿ' ಎಂಬ ಆ ಒಂದು ಮಾತನ್ನು ಹೇಳಿಸಿದ್ದೇನೆ. ತಡ ಮಾಡಿದವರನ್ನು, ಹೇಳಿಬಿಡಿ ಅಮ್ಮ, ಬೇಗ ಹೇಳಿ, ಇನ್ನೊಂದು ಮನೆಗೆ ಹೋಗಬೇಕು ಎಂದು ಗದರಿದ್ದೂ ಇದೆ. ಮರುದೇವಮ್ಮ ಗದರಲಿಲ್ಲ. ಸಂತೆಯ ಹೊತ್ತು ಮೀರುವ ತನಕ ಕಾದು, ಚೀಲ ತೆಗೆದುಕೊಂಡು ಎದ್ದರು. ನನ್ನ ಬಾಯಿಂದ ಅದು ಬರಲಿಲ್ಲ.